ಉತ್ತರಕುಮಾರ ನಮಗೆ ಯಾಕೆ ಇಷ್ಟವಾಗುತ್ತಾನೆ? ಫ್ಯಾಂಟಸಿ ಕತೆಯ ಎಳೆಯ ನಾಯಕರ ಬಗ್ಗೆ

ವಿರಾಟನ ಮಗ ಉತ್ತರಕುಮಾರನಷ್ಟು ಬಡಾಯಿಕೋರ ಹುಡುಗ ಮಹಾಭಾರತದ ಕತೆಯಲ್ಲಿ ಇನ್ನೊಬ್ಬನಿಲ್ಲ. ಅಪ್ಪ ಸೈನ್ಯ ಕಟ್ಟಿಕೊಂಡು ಸುಶರ್ಮನ ಮೇಲೆ ಹೋಗಿದ್ದಾನೆ. ಇತ್ತ ಕೌರವರು ಬಂದು ಊರಿನ ದನ ಹೊಡೆದುಕೊಂಡು ಹೊರಟಿದ್ದಾರೆ. ಹುಡುಗ ರಾಣಿವಾಸದ ಹೆಂಗಸರ ನಡುವೆ ಕೂತು, ಇನ್ನೂ ಸರಿಯಾಗಿ ಮೂಡದ ಮೀಸೆ ತಿರುವುತ್ತಾನೆ: ಒಬ್ಬ ಒಳ್ಳೆಯ ಸಾರಥಿ ಸಿಕ್ಕರೆ ಸಾಕು, ಭೀಷ್ಮ ದ್ರೋಣರೆಲ್ಲ ಏನು ಮಹಾ! ಸಾರಥಿ ಸಿಗುತ್ತಾನೆ. ರಣರಂಗದ ಅಂಚಿಗೆ ಬಂದು ಕೌರವ ಸೈನ್ಯ ಕಂಡದ್ದೇ ತಡ, ರಥದಿಂದ ಧುಮುಕಿ ಓಟ ಕೀಳುತ್ತಾನೆ. ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಬೆನ್ನಟ್ಟಿ ಹಿಡಿದು ತರಬೇಕಾಗುತ್ತದೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಹುಟ್ಟಿದ್ದು ಇಲ್ಲಿಂದಲೇ.

ಈ ಪ್ರಸಂಗವನ್ನು ಕನ್ನಡದಲ್ಲಿ ಮರೆಯದ ಹಾಗೆ ಹೇಳಿದವನು ನಮ್ಮ ಕಡೆಯವನೇ. ಕುಮಾರವ್ಯಾಸನ ಊರು ಕೋಳಿವಾಡ, ಇವತ್ತಿನ ಹುಬ್ಬಳ್ಳಿ ತಾಲೂಕು. ಆತ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕಂಬಕ್ಕೆ ಒರಗಿ ಕೂತು ಭಾರತ ಬರೆದ ಎಂಬ ನಂಬಿಕೆ ಇದೆ. ಗಮಕಿಗಳು ಈ ಭಾಗ ಹಾಡಿದರೆ ಕೇಳುವವರು ಬಿದ್ದು ಬಿದ್ದು ನಗುತ್ತಾರೆ. ಆದರೆ ನಕ್ಕವರು ಯಾರೂ ಆ ಹುಡುಗನನ್ನು ದ್ವೇಷಿಸುವುದಿಲ್ಲ. ಓಡಿಹೋದ ಹೇಡಿಯೊಬ್ಬ ಇಷ್ಟವಾಗುವುದು ಹೇಗೆ?

ಉತ್ತರ ಕತೆಯ ಮುಂದಿನ ಭಾಗದಲ್ಲಿದೆ. ಅರ್ಜುನ ಹೇಳಿದಂತೆ ಅವನು ಬನ್ನಿ ಮರ ಹತ್ತಿ ಪಾಂಡವರ ಆಯುಧ ಇಳಿಸುತ್ತಾನೆ. ಯಾವ ಸೈನ್ಯ ಕಂಡು ಓಡಿದ್ದನೋ ಅದೇ ಸೈನ್ಯದೊಳಕ್ಕೆ ತಾನೇ ಸಾರಥಿಯಾಗಿ ರಥ ಹೊಡೆಯುತ್ತಾನೆ. ಗೆದ್ದು ಬಂದ ಮೇಲೆ ಊರಿಗೆ ಊರೇ ಅವನನ್ನು ಹೊಗಳುತ್ತದೆ, ಅಪ್ಪ ಹಿಗ್ಗಿ ಹೀರೇಕಾಯಿ ಆಗಿದ್ದಾನೆ. ಬಾಯಿ ಮುಚ್ಚಿಕೊಂಡಿದ್ದರೆ ಕೀರ್ತಿ ಪುಕ್ಕಟೆ ಸಿಗುತ್ತಿತ್ತು. ಆಗ ಈ ಬಡಾಯಿಕೋರ ಬಾಯಿ ತೆರೆದು, ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ ಬಂದು ಗೆದ್ದ ಎನ್ನುತ್ತಾನೆ. ಬೆಳಿಗ್ಗೆ ಸುಳ್ಳು ಶೌರ್ಯಕ್ಕೆ ಬಾಯಿ ಬಿಟ್ಟವನೇ ಸಂಜೆ ಕೈಗೆ ಬಂದ ಕೀರ್ತಿ ಬಿಟ್ಟುಕೊಟ್ಟ. ಆ ಒಂದು ದಿನದಲ್ಲಿ ಹುಡುಗ ಎಷ್ಟು ದೂರ ನಡೆದ ಎನ್ನುವುದು ಕೇಳುಗನಿಗೆ ಯಾರೂ ಹೇಳದೆ ತಿಳಿಯುತ್ತದೆ.

ರಜೆ ಬಂತೆಂದರೆ ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರು ತಾವು ಬರೆದ ಫ್ಯಾಂಟಸಿ ಕತೆಗಳನ್ನು ತಂದು ತೋರಿಸುತ್ತಾರೆ. ಕೆಲವರು ಕಾಲೇಜಿನವರು, ಕೆಲವರು ಶಾಲೆಯ ಮಾಸ್ತರರು. ಕಲ್ಪನೆಗೆ ಬರವಿಲ್ಲ. ಕಪ್ಪತಗುಡ್ಡದ ಒಳಗೆ ಮಲಗಿರುವ ನಾಗಲೋಕ, ರಾಣೆಬೆನ್ನೂರಿನ ಕೃಷ್ಣಮೃಗಗಳ ಜೊತೆ ಮಾತಾಡುವ ಹುಡುಗ, ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ತೆರೆಯುವ ಬಾಗಿಲು. (ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮದೇ ಆಗಿರುವಾಗ ಅಲ್ಲೊಂದು ಮಾಯಾಬಾಗಿಲು ಇಡದಿದ್ದರೆ ತಪ್ಪಾದೀತು.) ಸೊರಗಿರುವುದು ಕತೆಯ ನಡುವೆ ನಿಂತ ಹುಡುಗ. ಹುಟ್ಟಿದಾಗ ಮಿಂಚು, ಅಂಗೈಯಲ್ಲಿ ಶಂಖದ ಗುರುತು, ಎದೆಯಲ್ಲಿ ಧೈರ್ಯ, ಮನದಲ್ಲಿ ಕರುಣೆ. ಹತ್ತನೇ ಪುಟಕ್ಕೆ ಓದುಗನಿಗೆ ಆಕಳಿಕೆ. ಬರೆದವರಿಗೆ ದಿಗಿಲು: ಇಷ್ಟು ಒಳ್ಳೆಯ ಹುಡುಗ, ಇವನು ಯಾಕೆ ಯಾರಿಗೂ ಇಷ್ಟವಾಗುತ್ತಿಲ್ಲ?

ಮೆಚ್ಚುವುದು ಬೇರೆ, ಪಕ್ಷ ಹಿಡಿಯುವುದು ಬೇರೆ

ಓದುಗ ಪಾತ್ರವೊಂದನ್ನು ಹೇಗೆ ಹಚ್ಚಿಕೊಳ್ಳುತ್ತಾನೆ ಎಂಬುದರ ಮೇಲೆ ಕೆಲಸ ಮಾಡಿದವರಲ್ಲಿ ಡಾಲ್ಫ್ ಝಿಲ್ಮನ್ ಎಂಬ ಸಂವಹನ ವಿದ್ವಾಂಸರ ಹೆಸರು ಮುಖ್ಯ. ಅವರ ಪ್ರಕಾರ ಕತೆ ಓದುವಾಗ ನಾವೆಲ್ಲ ಒಳಗೊಳಗೇ ನ್ಯಾಯ ಮಾಡಲು ಕೂತ ಪಂಚರು. ಪಾತ್ರ ಏನು ಮಾಡಿತು, ಅದು ಸರಿಯೋ ತಪ್ಪೋ ಎಂದು ಪ್ರತಿ ಹೆಜ್ಜೆಗೂ ತೂಗುತ್ತಿರುತ್ತೇವೆ. ತೂಕ ಒಂದು ಕಡೆ ವಾಲಿದ ಮೇಲೆ ಆ ಪಾತ್ರಕ್ಕೆ ಒಳ್ಳೆಯದಾಗಲಿ ಎಂಬ ಆಸೆ, ಕೆಟ್ಟದಾದೀತು ಎಂಬ ಅಂಜಿಕೆ ಎರಡೂ ಹುಟ್ಟುತ್ತವೆ. ಆಸೆ-ಅಂಜಿಕೆ ಹುಟ್ಟಿದವನಿಗೇ ಪುಟ ತಿರುವುವ ಆತುರ.

ಇದರಲ್ಲಿ ಬರೆಯುವವರಿಗೆ ಬೇಕಾದ ಮಾತೊಂದಿದೆ. ಪಂಚರು ಸಾಕ್ಷಿ ಕೇಳುತ್ತಾರೆ, ಪ್ರಮಾಣಪತ್ರ ಕೇಳುವುದಿಲ್ಲ. 'ಅವನು ಬಲು ಧೈರ್ಯವಂತ' ಎಂದು ಲೇಖಕ ಬರೆದರೆ ಅದು ಪ್ರಮಾಣಪತ್ರ. ಉತ್ತರಕುಮಾರ ತಾನೇ ತನಗೆ ಅಂಥದ್ದೊಂದು ಬರೆದುಕೊಂಡಿದ್ದ, ಅದಕ್ಕೆ ಸಿಕ್ಕ ಬೆಲೆ ಗೊತ್ತೇ ಇದೆ. ಓದುಗ ಕಣ್ಣಾರೆ ಕಂಡದ್ದನ್ನಷ್ಟೇ ನಂಬುತ್ತಾನೆ. ಅವನು ಕಾಣಬೇಕೆಂದರೆ ಹುಡುಗನ ಎದುರು ಎರಡು ದಾರಿ ಇರಬೇಕು, ಒಂದು ಸಲೀಸು, ಇನ್ನೊಂದರಲ್ಲಿ ಏನಾದರೂ ಕಳೆದುಕೊಳ್ಳಬೇಕು. ಎರಡನೆಯದನ್ನು ಅವನು ಹಿಡಿದಾಗ, ಕಳೆದುಕೊಂಡದ್ದು ಓದುಗನಿಗೆ ಕಂಡಾಗ, ಆ ಹುಡುಗ ನಮ್ಮವನಾಗುತ್ತಾನೆ. ನನಗೆ ತಿಳಿದ ಮಟ್ಟಿಗೆ ಉಳಿದ ಎಲ್ಲ ತಂತ್ರಗಳೂ ಇದರ ಕೂಲಿಯಾಳುಗಳು.

ಪಾಪ ಅನಿಸುವುದು ಬಾಗಿಲವರೆಗೆ ಮಾತ್ರ

ಎಳೆಯ ನಾಯಕರಲ್ಲಿ ಅನಾಥರು ಹೆಚ್ಚು. ಈ ಚಾಳಿ ಹಳೆಯದು. ಮನೋವಿಶ್ಲೇಷಕ ಆಟೊ ರ‍್ಯಾಂಕ್ 1909ರಲ್ಲೇ ನಾಯಕರ ಹುಟ್ಟಿನ ಕತೆಗಳನ್ನು ಒಟ್ಟಿಗಿಟ್ಟು ನೋಡಿದಾಗ, ಹೆತ್ತವರಿಂದ ದೂರವಾಗಿ ಬೇರೆಯವರ ಮನೆಯಲ್ಲಿ ಬೆಳೆಯುವ ಮಗು ಮತ್ತೆ ಮತ್ತೆ ಸಿಕ್ಕಿತು. ಅವರು ನೋಡಿದ ಕತೆಗಳಲ್ಲಿ ನಮ್ಮ ಕರ್ಣನದೂ ಒಂದು. 1936ರಲ್ಲಿ ಜಾನಪದ ವಿದ್ವಾಂಸ ಲಾರ್ಡ್ ರ‍್ಯಾಗ್ಲನ್ ಇಂಥ ಲಕ್ಷಣಗಳ 22 ಅಂಶಗಳ ಪಟ್ಟಿಯನ್ನೇ ಮಾಡಿ ಇಟ್ಟರು.

ಅನಾಥರನ್ನು ಕತೆಗಾರರು ಆರಿಸಿಕೊಳ್ಳುವುದರ ಹಿಂದೆ ಕರುಣೆಗಿಂತ ಅನುಕೂಲ ದೊಡ್ಡದು. ಅಪ್ಪ-ಅವ್ವ ಮನೆಯಲ್ಲಿದ್ದರೆ ರಾತ್ರಿ ಹನ್ನೊಂದಕ್ಕೆ ಹನ್ನೆರಡು ವರ್ಷದ ಮಗಳು ಹಾಳು ಗುಡಿಯ ಕಡೆ ಹೊರಡಲು ಬಿಡುತ್ತಾರೆಯೇ? ನಮ್ಮ ಕಡೆಯ ಕತೆಯಲ್ಲಿ ಅಪ್ಪ-ಅವ್ವ ಸಾಲದು ಎಂದು ಅಜ್ಜಿ, ಕಾಕಾ, ಅತ್ತಿ, ಓಣಿಯ ಮಂದಿ ಎಲ್ಲ ಇರುತ್ತಾರೆ. ಇಷ್ಟು ಜನರ ಕಣ್ಣು ತಪ್ಪಿಸುವುದೇ ಒಂದು ಸಾಹಸ. ಅದನ್ನು ಬಿಟ್ಟು, ಬೇರೆ ದೇಶದ ಕತೆಯಲ್ಲಿ ಇದೆ ಅಂತ ಇಲ್ಲಿಯೂ ಎಲ್ಲರನ್ನೂ ಮೊದಲ ಪುಟದಲ್ಲೇ ಸಾಯಿಸಿಬಿಡುವುದು ಸೋಮಾರಿತನ ಎಂದು ನನಗನಿಸುತ್ತದೆ.

ಕಷ್ಟ ಕೊಟ್ಟರೆ ಓದುಗನಿಗೆ ಪಾಪ ಅನಿಸುತ್ತದೆ, ಸರಿ. ತನ್ನ ತಪ್ಪಿಲ್ಲದೆ ಕಷ್ಟಕ್ಕೆ ಬಿದ್ದವನ ಬಗ್ಗೆ ನಮಗೆ ಮರುಕ, ನಮ್ಮಂಥವನೇ ಬಿದ್ದರೆ ಭಯ ಎಂದು ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಹೇಳಿದ್ದು ಇಲ್ಲಿಯೂ ನಡೆಯುತ್ತದೆ. ಆದರೆ ಮರುಕ ಬಾಗಿಲು ತೆರೆಸುತ್ತದೆಯೇ ಹೊರತು ಒಳಗೆ ಕೂರಿಸುವುದಿಲ್ಲ. ನಾಯಕನೇ ತನ್ನ ಗೋಳು ಹೇಳಲು ನಿಂತರೆ ಆ ಬಾಗಿಲೂ ಮುಚ್ಚುತ್ತದೆ. 1997ರಲ್ಲಿ ಬಂದ ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ನೋಡಿ. ಹುಡುಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುತ್ತಾನೆ. ಅವನ ಮೇಲೆ ನಮಗೆ ಗಟ್ಟಿ ಪ್ರೀತಿ ಮೂಡುವುದು ಗೂಡಿನಲ್ಲಿ ಅಲ್ಲ, ರೈಲಿನಲ್ಲಿ. ಮೊದಲ ಸಲ ಕೈಯಲ್ಲಿ ದುಡ್ಡಿದೆ, ತಿಂಡಿಯ ಗಾಡಿಯಿಂದ ಎಲ್ಲದರಲ್ಲೂ ಒಂದಿಷ್ಟು ಕೊಳ್ಳುತ್ತಾನೆ, ಎದುರು ಕೂತ ಬಡ ಹುಡುಗನ ಜೊತೆ ಹಂಚಿಕೊಂಡು ತಿನ್ನುತ್ತಾನೆ. ಹಂಚಿಕೊಳ್ಳಲು ತನ್ನ ಹತ್ತಿರ ಇಲ್ಲಿಯವರೆಗೆ ಏನೂ ಇರಲಿಲ್ಲ ಎಂಬ ಅರಿವು ಅಲ್ಲಿ ಸುಮ್ಮನೆ ಬಂದು ಹೋಗುತ್ತದೆ. ಗೂಡಿನ ಕಷ್ಟವೆಲ್ಲ ಆ ಗಳಿಗೆಯಲ್ಲಿ ತೂಕ ಪಡೆಯುತ್ತದೆ.

ನಳದ ಮುಂದಿನ ಪಾಳಿ

ಇದನ್ನೆಲ್ಲ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಂದು ಕತೆಯನ್ನೇ ಕೈಗೆತ್ತಿಕೊಳ್ಳೋಣ. ಲಕ್ಕುಂಡಿಯ ಹನ್ನೆರಡು ವರ್ಷದ ಹುಡುಗಿ ನೀಲಾ. ಅಪ್ಪ ಇಲ್ಲ, ಅವ್ವ ಗುಡಿ ನೋಡಲು ಬರುವವರಿಗೆ ಗಿರಮಿಟ್-ಮಿರ್ಚಿ ಮಾರುತ್ತಾಳೆ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ ಅಮಾವಾಸ್ಯೆಯ ರಾತ್ರಿ ಒಂದು ಮೆಟ್ಟಿಲು ಹೆಚ್ಚಾಗುತ್ತದೆ. ಅದನ್ನು ತುಳಿದವರಿಗೆ ನೀರು ಕರೆಯುವ ಶಕ್ತಿ ಬರುತ್ತದೆ. ಗುಡಿ, ಬಾವಿ ನಿಜ, ಉಳಿದದ್ದು ನಾವು ಕಟ್ಟಿದ್ದು.

ಸಾಮಾನ್ಯವಾಗಿ ಇಂಥ ಕತೆ ಹೀಗೆ ಶುರುವಾಗುತ್ತದೆ:

'ನೀಲಾ ಹುಟ್ಟಿದ ರಾತ್ರಿ ಏಳು ಬಾವಿಗಳು ಒಮ್ಮೆಲೇ ಉಕ್ಕಿದವು. ಅವಳು ಸಾಮಾನ್ಯ ಹುಡುಗಿಯಲ್ಲ. ಅವಳ ಹೃದಯ ಕರುಣೆಯ ಸಾಗರ. ಆದರೂ ಊರಿನವರು ಅವಳನ್ನು ಕಡೆಗಣಿಸುತ್ತಿದ್ದರು. ಇದರಿಂದ ನೀಲಾಳಿಗೆ ಅಪಾರ ದುಃಖವಾಗುತ್ತಿತ್ತು.'

ಐದು ವಾಕ್ಯ, ಐದೂ ಪ್ರಮಾಣಪತ್ರ. ಇದನ್ನು ಒಡೆದು ಇನ್ನೊಂದು ರೀತಿ ಕಟ್ಟಿದರೆ:

'ನಸುಕಿನ ನಾಲ್ಕಕ್ಕೆ ನಳದ ಮುಂದೆ ಕೊಡಗಳು ಪಾಳಿ ಹಚ್ಚಿದ್ದವು. ಮಂದಿ ಇನ್ನೂ ಎದ್ದಿರಲಿಲ್ಲ. ನೀಲಾ ಅತ್ತಿತ್ತ ನೋಡಿ, ಒಂಬತ್ತನೇ ಪಾಳಿಯಲ್ಲಿದ್ದ ತನ್ನ ಎರಡು ಕೊಡ ಎತ್ತಿ ಮೂರನೇ ಪಾಳಿಗೆ ಇಟ್ಟಳು. ಅಲ್ಲಿದ್ದ ಕೊಡ ಒಂಬತ್ತಕ್ಕೆ ಹೋಯಿತು.

ನೀರು ಬಿಟ್ಟಾಗ ಈರವ್ವಾಯಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ನಿನ್ನಿ ರಾತ್ರಿ ನನ್ನ ಕೊಡ ಮೂರನೇದಿತ್ತಲ್ಲ?"

"ಕೊಡಕ್ಕ ಕಾಲು ಬಂದಿರಬೇಕು, ಆಯಿ."

"ಬಂದಾವ, ಬಂದಾವ. ಸಣ್ಣ ಸಣ್ಣ ಕಾಲು. ಗೆಜ್ಜಿ ಸಪ್ಪಳಾನೂ ಕೇಳಿಸ್ತು ನನಗ."

ನೀಲಾಳ ಕಿವಿ ಬಿಸಿಯಾದವು. ಎರಡೂ ಕೊಡ ತುಂಬಿಸಿಕೊಂಡಳು. ಐದನೇ ಪಾಳಿಗೆ ನಳ ಸೊರ್ ಎಂದು ನಿಂತೇಬಿಟ್ಟಿತು. ಮನೆಗೆ ಹೋಗುವ ದಾರಿಯಲ್ಲಿ ಈರವ್ವಾಯಿಯ ಕಟ್ಟೆಯ ಮೇಲೆ ಒಂದು ಕೊಡ ಇಳಿಸಿ, ಬಾಗಿಲು ಬಡಿಯದೆ ನಡೆದಳು.

"ಇನ್ನೊಂದು ಕೊಡ ಎಲ್ಲೈತಿ?" ಅವ್ವ ಕೇಳಿದಳು.

"ನೀರು ಸಣ್ಣಗ ಬಂತವ್ವಾ."

"ಒಂದು ಕೊಡದಾಗ ಗಾಡಿ ಹೆಂಗ ನಡಸಲಿ?"

ಅವತ್ತು ಶಾಲೆ ತಪ್ಪಿಸಿ ನೀಲಾ ಹೊಲದ ಬಾವಿಗೆ ಹೋದಳು.'

ನೀಲಾ ಒಳ್ಳೆಯವಳೋ ಕೆಟ್ಟವಳೋ ಎಂದು ಇಲ್ಲಿ ಎಲ್ಲಿಯೂ ಹೇಳಿಲ್ಲ. ಅವಳು ಕಳ್ಳತನ ಮಾಡಿದ್ದಾಳೆ, ಅಜ್ಜಿಗೆ ಎದುರು ಮಾತಾಡಿದ್ದಾಳೆ, ಅವ್ವನಿಗೆ ಸುಳ್ಳು ಹೇಳಿದ್ದಾಳೆ. ಆದರೂ ಓದುವವರು ಅವಳ ಕಡೆಗೇ ನಿಲ್ಲುತ್ತಾರೆ. ಅವಳಿಗೆ ಬೇಕಾದದ್ದು ಏನು, ಅದು ಯಾಕೆ ಬೇಕು ಎಂಬುದು ಮೊದಲ ಸಾಲಿಗೇ ಗೊತ್ತಾಗಿದೆ. ಸುಮ್ಮನೆ ಅಳುತ್ತ ಕೂರದೆ ಅವಳು ಏನೋ ಒಂದು ಮಾಡಿದ್ದಾಳೆ. ಮಾಡಿದ್ದು ತಪ್ಪು ಎಂದು ಗೊತ್ತಾದಾಗ ಭಾಷಣವಿಲ್ಲದೆ ದಂಡ ಕಟ್ಟಿದ್ದಾಳೆ. ದಂಡವೂ ಸಣ್ಣದಲ್ಲ, ಅರ್ಧ ದಿನದ ನೀರು ಮತ್ತು ಒಂದು ದಿನದ ಶಾಲೆ. ಬಾಗಿಲು ಬಡಿದು 'ಆಯಿ, ತಪ್ಪಾತು' ಎಂದಿದ್ದರೆ ಅಜ್ಜಿಯ ಕಣ್ಣಲ್ಲಿ ಒಳ್ಳೆಯವಳಾಗುತ್ತಿದ್ದಳು, ಓದುಗನ ಕಣ್ಣಲ್ಲಿ ತುಸು ಇಳಿಯುತ್ತಿದ್ದಳು. ಯಾರೂ ನೋಡದಾಗ ಮಾಡಿದ್ದಕ್ಕೆ ಓದುಗನೊಬ್ಬನೇ ಸಾಕ್ಷಿ. ಆ ಗುಟ್ಟು ಅವರಿಬ್ಬರ ನಡುವೆ ಉಳಿದದ್ದರಿಂದಲೇ ನಂಟು ಬೆಳೆಯುತ್ತದೆ.

ಇದಕ್ಕೆ ತದ್ವಿರುದ್ಧವಾದ ಒಂದು ಸುಲಭ ಉಪಾಯ ಚಾಲ್ತಿಯಲ್ಲಿದೆ. ಅಮೆರಿಕದ ಚಿತ್ರಕತೆಗಾರ ಬ್ಲೇಕ್ ಸ್ನೈಡರ್ 2005ರಲ್ಲಿ ಅದಕ್ಕೆ ಬೆಕ್ಕು ಉಳಿಸುವುದು ಎಂದು ಹೆಸರಿಟ್ಟರು. ನಾಯಕ ಬಂದ ಕೂಡಲೇ ಒಂದು ಸಣ್ಣ ಪುಣ್ಯದ ಕೆಲಸ ಮಾಡಿಸಿದರೆ ನೋಡುಗರಿಗೆ ಹಿಡಿಸುತ್ತಾನೆ ಎಂಬ ಸೂತ್ರ. ನಮ್ಮ ಹುಡುಗರು ಬರೆದು ತರುವ ಕತೆಗಳಲ್ಲಿ ಗಾಯಗೊಂಡ ಪಾರಿವಾಳ, ಕೆಸರಿಗೆ ಬಿದ್ದ ನಾಯಿಮರಿ ಬೇಕಾದಷ್ಟು ಸಿಗುತ್ತವೆ. ಕೆಲಸ ಮಾಡುವುದೇ ಇಲ್ಲ ಎನ್ನಲಾರೆ. ಆದರೆ ನಾಯಿಮರಿ ಎತ್ತಿದ್ದಕ್ಕೆ ಹುಡುಗ ಏನನ್ನೂ ಕಳೆದುಕೊಳ್ಳದಿದ್ದರೆ ಅದು ಬರೇ ಅಲಂಕಾರ. ಅದೇ ಹುಡುಗ ನಾಯಿಮರಿ ಎತ್ತುವಷ್ಟರಲ್ಲಿ ಗದುಗಿಗೆ ಹೋಗುವ ಕೊನೆಯ ಬಸ್ ತಪ್ಪಿದರೆ, ಆ ಬಸ್ಸಿನಲ್ಲಿ ಅವನು ನಿಜವಾಗಿ ಹೋಗಲೇಬೇಕಾಗಿದ್ದರೆ, ಅಲ್ಲಿಗೆ ಕತೆ.

ಚೆಲ್ಲಿದ ಕಾಫಿಯ ಪ್ರಯೋಗ

ಕುಂದುಕೊರತೆ ಇರುವ ನಾಯಕ ಬೇಕು ಎಂಬುದನ್ನು ಈಗ ಎಲ್ಲರೂ ಕೇಳಿದ್ದಾರೆ. ಹೀಗಾಗಿ ಎಡವಿ ಬೀಳುವ, ಟಿಫಿನ್ ಡಬ್ಬಿ ಮರೆಯುವ, ಗಣಿತದಲ್ಲಿ ಫೇಲಾಗುವ ಹುಡುಗರು ಸಾಲುಗಟ್ಟಿದ್ದಾರೆ. ಇಲ್ಲೊಂದು ಹಳೆಯ ಪ್ರಯೋಗ ನೆನೆಯಬೇಕು. ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು 1966ರಲ್ಲಿ ಕಾಲೇಜು ಹುಡುಗರಿಗೆ ಕ್ವಿಜ್ ಸ್ಪರ್ಧೆಯ ಆಯ್ಕೆಗೆ ಬಂದವನೊಬ್ಬನ ಧ್ವನಿಮುದ್ರಣ ಕೇಳಿಸಿದರು. ಒಂದು ಮುದ್ರಣದಲ್ಲಿ ಅವನು ಶೇ. 92 ಪ್ರಶ್ನೆಗಳಿಗೆ ಸರಿ ಉತ್ತರ ಕೊಡುತ್ತಾನೆ, ಇನ್ನೊಂದರಲ್ಲಿ ಶೇ. 30 ಮಾತ್ರ. ಕೆಲವು ಮುದ್ರಣಗಳ ಕೊನೆಯಲ್ಲಿ ಅವನು ಹೊಸ ಸೂಟಿನ ಮೇಲೆ ಕಾಫಿ ಚೆಲ್ಲಿಕೊಂಡು ಒದ್ದಾಡುವುದು ಕೇಳಿಸುತ್ತದೆ. ಕಾಫಿ ಚೆಲ್ಲಿಕೊಂಡ ಜಾಣ ಎಲ್ಲರಿಗಿಂತ ಹೆಚ್ಚು ಇಷ್ಟವಾದ. ಕಾಫಿ ಚೆಲ್ಲಿಕೊಂಡ ಸಾಧಾರಣ ಹುಡುಗ ಮೊದಲಿಗಿಂತಲೂ ಕಡಿಮೆ ಇಷ್ಟವಾದ.

ಅಂದರೆ ತಪ್ಪು ಒಂದೇ, ಫಲ ಎರಡು. ಏನಾದರೂ ಒಂದು ಚೆನ್ನಾಗಿ ಬಲ್ಲವನ ಎಡವಟ್ಟು ಅವನನ್ನು ನಮ್ಮ ಹತ್ತಿರಕ್ಕೆ ತರುತ್ತದೆ. ಏನೂ ಬಾರದವನ ಎಡವಟ್ಟು ಬೇಸರ ತರಿಸುತ್ತದೆ. ಹಾಗಾಗಿ ಮಾಂತ್ರಿಕ ಶಕ್ತಿ ಬರುವ ಮೊದಲೇ ಹುಡುಗನಿಗೆ ಒಂದು ಕೆಲಸ ನೆಟ್ಟಗೆ ಬರಬೇಕು. ಅದು ದೊಡ್ಡದಿರಬೇಕಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬೆಳೆದ ಹುಡುಗ ಚೀಲಕ್ಕೆ ಕೈ ಹಾಕಿದರೆ ಕಾಯಿ ಒಣಗಿದೆಯೋ ನೀರು ಹೊಡೆದಿದ್ದಾರೋ ಹೇಳಬಲ್ಲ. ನೀಲಾ ಹಗ್ಗದ ಸಪ್ಪಳ ಕೇಳಿ ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ಎಂದು ಅಂದಾಜು ಮಾಡಬಲ್ಲಳು. ಈ ಕಸುಬು ಕೊನೆಯ ಅಧ್ಯಾಯದಲ್ಲಿ, ಶಕ್ತಿ ಕೈಕೊಟ್ಟಾಗ, ಕೆಲಸಕ್ಕೆ ಬಂದರೆ ಇನ್ನೂ ಸೊಗಸು.

ಕುಂದು ಮತ್ತು ಬಲ ಎರಡೂ ಒಂದೇ ಬೇರಿನಿಂದ ಹುಟ್ಟಿದರೆ ಅದು ಗಟ್ಟಿ ಕಟ್ಟಡ. 2005ರಲ್ಲಿ ಶುರುವಾದ ಪರ್ಸಿ ಜಾಕ್ಸನ್ ಕತೆಗಳಲ್ಲಿ ಹುಡುಗನಿಗೆ ಓದುವಾಗ ಅಕ್ಷರಗಳು ಕಲಸಿಹೋಗುವ ಡಿಸ್ಲೆಕ್ಸಿಯಾ, ಒಂದೆಡೆ ಕೂರಲಾಗದ ಚಡಪಡಿಕೆ. ಶಾಲೆಯಲ್ಲಿ ಎರಡೂ ದೋಷ. ಆಮೇಲೆ ತಿಳಿಯುತ್ತದೆ, ಅವನ ಮಿದುಳು ಪ್ರಾಚೀನ ಗ್ರೀಕ್ ಓದಲು ಹೊಂದಿಕೊಂಡದ್ದು, ಚಡಪಡಿಕೆ ಎಂದದ್ದು ಯುದ್ಧದಲ್ಲಿ ಜೀವ ಉಳಿಸುವ ಚುರುಕು. ಲೇಖಕ ರಿಕ್ ರಿಯಾರ್ಡನ್ ಈ ಕತೆಯನ್ನು ಮೊದಲು ಹೇಳಿದ್ದು ಇಂಥವೇ ತೊಂದರೆಗಳಿದ್ದ ತನ್ನ ಮಗನಿಗೆ. ಶಾಲೆಯಲ್ಲಿ ಹಿಂದಿನ ಬೆಂಚಿಗೆ ತಳ್ಳಿಸಿಕೊಂಡ ಮಕ್ಕಳು ಆ ಹುಡುಗನನ್ನು ಹಚ್ಚಿಕೊಂಡರೆ ಅದರಲ್ಲಿ ಅಚ್ಚರಿಯೇನಿಲ್ಲ.

ಮಾಯೆಯ ಬೆಲೆ ಯಾರು ಕಟ್ಟುತ್ತಾರೆ?

ಇಲ್ಲಿಯವರೆಗಿನ ಮಾತು ಯಾವ ಕತೆಗೂ ಹೊಂದುತ್ತದೆ. ಫ್ಯಾಂಟಸಿಗೆ ಮಾತ್ರ ಇರುವ ತೊಡಕು ಬೇರೆ. ಮಾಯೆ ಎಂದರೆ ಬೇಕಾದದ್ದು ಸಿಗುವುದು. ಬೇಕಾದದ್ದು ಸಲೀಸಾಗಿ ಸಿಗುವ ಹುಡುಗನ ಪಕ್ಷ ಹಿಡಿಯಲು ಯಾರಿಗೆ ಮನಸ್ಸು ಬಂದೀತು? ಶಕ್ತಿ ಬಂದ ಪುಟದಿಂದಲೇ ನಾಯಕ ಓದುಗನ ಕೈ ಜಾರಲು ತೊಡಗುತ್ತಾನೆ. ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಮಾಯೆಯ ಬಗ್ಗೆ ಒಂದು ನಿಯಮ ಹೇಳಿದ್ದಾರೆ: ಮಾಯೆಯಿಂದ ತೊಡಕು ಬಿಡಿಸಿ ಓದುಗನಿಗೆ ಸಮಾಧಾನ ಕೊಡಬೇಕಾದರೆ, ಆ ಮಾಯೆ ಹೇಗೆ ನಡೆಯುತ್ತದೆ ಎಂಬುದು ಓದುಗನಿಗೆ ಅಷ್ಟರಮಟ್ಟಿಗೆ ಗೊತ್ತಿರಬೇಕು. ನಿಯಮ ಗೊತ್ತಿರುವುದು ಅರ್ಧ. ಉಳಿದರ್ಧ ಬೆಲೆ.

ನೀಲಾಳಿಗೆ ನೀರು ಕರೆಯುವ ಶಕ್ತಿ ಬಂತು. ಆ ನೀರು ಎಲ್ಲಿಂದ ಬರುತ್ತದೆ? 'ದೇವಲೋಕದಿಂದ' ಎಂದರೆ ಕತೆ ಅಲ್ಲಿಗೆ ಮುಗಿಯಿತು. ಅವಳ ಕೊಡಕ್ಕೆ ಬಂದ ನೀರು ಯಾರದೋ ಬಾವಿಯಿಂದ ಕಡಿಮೆಯಾಗುತ್ತದೆ ಎಂದಿಡಿ. ಮೊದಲ ವಾರ ಅವ್ವನ ಗಾಡಿಗೆ ನೀರೇ ನೀರು. ಎರಡನೇ ವಾರ ಈರವ್ವಾಯಿಯ ಮಗ ಸಾಲ ಮಾಡಿ ಕೊರೆಸಿದ ಬೋರಿನಲ್ಲಿ ಬರೀ ಗಾಳಿ. ಊರವರು ಮಳೆಯನ್ನು ಬೈಯುತ್ತಾರೆ. ನೀಲಾಳಿಗೊಬ್ಬಳಿಗೇ ಗೊತ್ತು. ಈಗ ಅವಳು ಶಕ್ತಿ ಬಳಸಿದಾಗಲೆಲ್ಲ ಓದುಗನ ಎದೆ ಧಸಕ್ಕೆನ್ನುತ್ತದೆ. ಗದಗ ಸೀಮೆಯ ಓದುಗನಿಗೆ ಬತ್ತಿದ ಬೋರು ಎಂದರೆ ಏನೆಂದು ವಿವರಿಸಬೇಕಿಲ್ಲ.

ಬೆಲೆಯನ್ನು ಬೇರೆಯವರು ಕಟ್ಟುತ್ತಿದ್ದಾರೆ, ಅದು ಗೊತ್ತಿದ್ದೂ ನಾಯಕ ಸುಮ್ಮನಿದ್ದಾನೆ ಎಂದರೆ ನಮ್ಮ ಪಂಚರು ಅವನನ್ನು ಬಿಡುವುದಿಲ್ಲ. ಗೊತ್ತಾದ ಮೇಲೆ ಅವನೇ ಆ ಬೆಲೆಗೆ ಹೆಗಲು ಕೊಟ್ಟರೆ ಎಷ್ಟು ದೊಡ್ಡ ತಪ್ಪನ್ನೂ ಕ್ಷಮಿಸುತ್ತಾರೆ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ಥ್‌ಸೀ ಕತೆಯ ಹುಡುಗ ಗೆಡ್ ಇದಕ್ಕೆ ನಾನು ಕಂಡ ಒಳ್ಳೆಯ ಉದಾಹರಣೆ. ಸೊಕ್ಕಿನ ಹುಡುಗ. ಜೊತೆಯವನ ಮೇಲಿನ ಹಟಕ್ಕೆ ಬಿದ್ದು ಸತ್ತವರನ್ನು ಕರೆಯಲು ಹೋಗಿ ಒಂದು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಅದನ್ನು ತಡೆಯಲು ಹೋಗಿ ವಯಸ್ಸಾದ ಗುರು ಪ್ರಾಣ ಬಿಡುತ್ತಾನೆ, ಗೆಡ್‌ನ ಮುಖದ ಮೇಲೆ ಮಾಸದ ಗಾಯ ಉಳಿಯುತ್ತದೆ. ಕತೆಯ ಉಳಿದ ಭಾಗವೆಲ್ಲ ಆ ನೆರಳಿನ ಲೆಕ್ಕ ಚುಕ್ತಾ ಮಾಡುವುದೇ. ಅವನು ಮೊದಲು ಓಡುತ್ತಾನೆ, ಆಮೇಲೆ ತಿರುಗಿ ನಿಂತು ನೆರಳನ್ನೇ ಬೆನ್ನಟ್ಟುತ್ತಾನೆ. ಉತ್ತರಕುಮಾರ ನಡೆದ ದಾರಿಯಲ್ಲೇ ಇವನೂ ನಡೆದ ಎನಿಸುತ್ತದೆ, ಇವನ ದಾರಿ ದೊಡ್ಡದು, ಕತ್ತಲೆಯದು.

ಏಕಲವ್ಯನ ಬಗ್ಗೆ ಇನ್ನೂ ನಮ್ಮ ಹೊಟ್ಟೆ ಉರಿಯುವುದೂ ಇದೇ ಲೆಕ್ಕಕ್ಕೆ. ಅವನ ವಿದ್ಯೆಗೆ ಕಟ್ಟಿದ ಬೆಲೆ ಅನ್ಯಾಯದ್ದು. ಕೇಳಿದವನು ದೊಡ್ಡವನು, ಕೊಟ್ಟವನು ಹುಡುಗ. ಅನ್ಯಾಯದ ಬೆಲೆಯನ್ನು ಕೈ ನಡುಗದೆ ಕಟ್ಟಿದ ಹುಡುಗನ ಕಡೆ ನಿಲ್ಲದೆ ಬೇರೆ ಎಲ್ಲಿ ನಿಲ್ಲುವುದು?

ವೀಳ್ಯ ಎತ್ತುವವರು

'ನೀನೇ ಆ ಆಯ್ಕೆಯಾದವನು' ಎಂದು ಮುದುಕನೊಬ್ಬ ಬಂದು ಹೇಳುವ ದೃಶ್ಯ ಇಲ್ಲದ ಫ್ಯಾಂಟಸಿ ಅಪರೂಪ. ನಮ್ಮ ಹಳೆಯ ಕತೆಗಳಲ್ಲಿ ಇದಕ್ಕಿಂತ ಜಾಣ ಪದ್ಧತಿಯೊಂದು ಇತ್ತು, ವೀಳ್ಯ ಎತ್ತುವುದು. ತಟ್ಟೆಯಲ್ಲಿ ವೀಳ್ಯ ಇಟ್ಟು ಈ ಕೆಲಸ ಯಾರು ಮಾಡುತ್ತೀರಿ ಎಂದು ಅರಸು ಕೇಳುತ್ತಾನೆ. ದೊಡ್ಡ ದೊಡ್ಡವರು ನೆಲ ನೋಡುತ್ತಾರೆ. ಕೊನೆಗೆ ಯಾರೂ ಲೆಕ್ಕಕ್ಕಿಡದ ಹುಡುಗನೊಬ್ಬ ಎದ್ದು ಬಂದು ಅದನ್ನು ಎತ್ತಿಕೊಳ್ಳುತ್ತಾನೆ. ಭವಿಷ್ಯವಾಣಿಯಲ್ಲಿ ಹುಡುಗನಿಗೆ ಬೇರೆ ದಾರಿಯೇ ಇಲ್ಲ. ವೀಳ್ಯದಲ್ಲಿ ಅವನು ಸುಮ್ಮನೆ ಕೂರಬಹುದಿತ್ತು, ಯಾರೂ ಬೈಯುತ್ತಿರಲಿಲ್ಲ. ಕೂರಬಹುದಾಗಿದ್ದವನು ಎದ್ದ ಎಂಬುದೇ ಓದುಗನನ್ನು ಅವನ ಹಿಂದೆ ಎಳೆಯುತ್ತದೆ.

ಅಭಿಮನ್ಯುವಿನ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಹದಿನಾರರ ಹುಡುಗ, ಚಕ್ರವ್ಯೂಹದೊಳಗೆ ಹೋಗಲು ಗೊತ್ತು, ಬರಲು ಗೊತ್ತಿಲ್ಲ. ಆ ಅರ್ಧ ವಿದ್ಯೆಯನ್ನು ಅವನು ಮುಚ್ಚಿಡುವುದಿಲ್ಲ. ನೀನು ದಾರಿ ಮಾಡು, ನಾವು ಬೆನ್ನಿಗೆ ಬರುತ್ತೇವೆ ಎಂದು ದೊಡ್ಡವರು ಹೇಳುತ್ತಾರೆ, ಸೈಂಧವ ಅವರನ್ನು ಬಾಗಿಲಲ್ಲೇ ತಡೆಯುತ್ತಾನೆ. ಪೂರ್ತಿ ವಿದ್ಯೆ ಕಲಿತವನು ಒಳಗೆ ಹೋಗಿದ್ದರೆ ಅದು ಪರಾಕ್ರಮ ಅಷ್ಟೇ. ಎಳೆಯ ನಾಯಕನಿಗೆ ಎಲ್ಲವನ್ನೂ ತಿಳಿಸಿ ಕಳಿಸುವ ಗುರುಗಳನ್ನು ಕತೆಯಲ್ಲಿ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಇನ್ನು ಮಾತು. ನಾಯಕನ ವಯಸ್ಸು ಹನ್ನೆರಡು ಎಂದು ಬರೆದು ಬಾಯಲ್ಲಿ 'ನಾನು ನನ್ನ ಕರ್ತವ್ಯದಿಂದ ವಿಮುಖನಾಗಲಾರೆ' ಎನ್ನಿಸಿದರೆ ಅವನು ಸತ್ತ ಹಾಗೆ. ಹುಬ್ಬಳ್ಳಿಯ ಹುಡುಗ ರಾಕ್ಷಸನ ಎದುರು ನಿಂತಾಗಲೂ 'ಹೋಗಲೇ, ನೀ ಏನ್ ಮಾಡ್ತೀ ನೋಡೇಬಿಡ್ತೀನಿ' ಅನ್ನಬೇಕು, ಅನ್ನುವಾಗ ಮೊಣಕಾಲು ನಡುಗಬೇಕು. ನಿರೂಪಣೆ ಗ್ರಂಥದ ಕನ್ನಡದಲ್ಲಿದ್ದು ಮಾತು ಮಾತ್ರ ನಮ್ಮ ಕಡೆಯದಾದರೆ ಮೈಸೂರು ಕಡೆಯ ಓದುಗರಿಗೆ ತಿಳಿಯುವುದಿಲ್ಲ ಎಂಬ ಅಂಜಿಕೆ ಕೆಲವರಿಗಿದೆ. ಬೇಂದ್ರೆಯವರ ಸಾಲುಗಳನ್ನು ಆ ಕಡೆಯವರು ಬಾಯಿಪಾಠ ಹೇಳುತ್ತಾರೆ, ಹುಡುಗನ ಒಂದು 'ಹೋಗಲೇ' ಅವರಿಗೆ ಭಾರವಾಗದು. ನಗೆಯೂ ಈ ಮಾತಿನಲ್ಲೇ ಇರುತ್ತದೆ. ಕಷ್ಟದ ನಡುವೆ ನಗಿಸಬಲ್ಲ ಹುಡುಗನಿಗೆ ಓದುಗ ಬಹಳಷ್ಟು ಮಾಫಿ ಮಾಡುತ್ತಾನೆ. ಆದರೆ ಆ ನಗೆ ತನ್ನ ಮೇಲೋ ತನಗಿಂತ ದೊಡ್ಡವರ ಮೇಲೋ ಇರಬೇಕು. ತನಗಿಂತ ಸಣ್ಣವನ ಬಡತನವನ್ನೋ ತೊದಲನ್ನೋ ಆಡಿಕೊಂಡು ನಕ್ಕ ನಾಯಕ ಒಂದೇ ಸಾಲಿನಲ್ಲಿ ನೂರು ಪುಟದ ಗಳಿಕೆ ಕಳೆದುಕೊಳ್ಳುತ್ತಾನೆ.

ಸರಣಿ ಬರೆಯುವವರಿಗೆ ಎರಡನೇ ಪುಸ್ತಕದಲ್ಲಿ ಇನ್ನೊಂದು ತಲೆನೋವು ಕಾದಿರುತ್ತದೆ. ಮೊದಲ ಪುಸ್ತಕದ ಕೊನೆಗೆ ನೀಲಾ ಊರಿನ ಕಣ್ಮಣಿ. ಹದಿನಾಲ್ಕು ವರ್ಷ, ಶಕ್ತಿ ಪಳಗಿದೆ, ಈರವ್ವಾಯಿಯೂ ಮಗ್ಗಲು ಕೂರಿಸಿಕೊಂಡು ಚಹಾ ಕೊಡುತ್ತಾಳೆ. ಬಹಳ ಜನ ಇಲ್ಲಿ ಇನ್ನೂ ದೊಡ್ಡ ರಾಕ್ಷಸನನ್ನು ತರುತ್ತಾರೆ. ರಾಕ್ಷಸ ದೊಡ್ಡವನಾದಷ್ಟೂ ಹುಡುಗಿಗೆ ಇನ್ನಷ್ಟು ಶಕ್ತಿ ಕೊಡಬೇಕಾಗುತ್ತದೆ, ಶಕ್ತಿ ಬೆಳೆದಷ್ಟೂ ಓದುಗ ದೂರ. ಬೆಳೆಸಬೇಕಾದದ್ದು ಬೆಲೆಯನ್ನು. ಈಗ ನೀಲಾಳ ಮಾತು ಊರಿನಲ್ಲಿ ನಡೆಯುತ್ತದೆ. ಯಾವ ಓಣಿಗೆ ನೀರು, ಯಾವ ಓಣಿಗೆ ಇಲ್ಲ ಎಂದು ಪಂಚಾಯ್ತಿಯವರು ಅವಳನ್ನೇ ಕೇಳುತ್ತಾರೆ. ಅವ್ವನ ಗಾಡಿ ಇರುವ ಓಣಿ ಪಾಳಿಯಲ್ಲಿ ಒಂಬತ್ತನೆಯದು.